ವಾಟರ್‌ಪ್ರೂಫ್ ಡಬ್ಬದ ಸೀಲ್ ಬದಲಿಸಿದ್ದು: ನನ್ನ ಅನುಭವ

ಕಾಳಿ ನದಿಯ ರಾಫ್ಟಿಂಗ್‌ಗೆ ಒಯ್ಯುವ ಡಬ್ಬದೊಳಗೆ ಹಿಂಜ್ ಕಡೆಯ ಮೂಲೆಯಿಂದ ನೀರು ಇಳಿಯುತ್ತಿತ್ತು. ಮುಚ್ಚಳದ ಸುತ್ತ ನೀರು ತಡೆಯುವ ಪಟ್ಟಿ, ಅಂದರೆ ಸೀಲ್, ಚಪ್ಪಟೆಯಾಗಿ, ಉಗುರಿನಿಂದ ಒತ್ತಿದರೂ ಮೇಲೇಳುತ್ತಿರಲಿಲ್ಲ. ವ್ಯಾಸಲೀನ್ ಹಚ್ಚಿದ್ದಕ್ಕೆ ಸುಮ್ನೆ ಮರಳು ಅಂಟಿತು. ಕಿಟಕಿಯ ಫೋಮ್ ಪಟ್ಟಿ ನೀರು ಕುಡಿಯಿತು.

ಕೆಲಸಕ್ಕೆ ಬಂದದ್ದು ಒಳಗೆ ಟೊಳ್ಳಿಲ್ಲದ ಸಿಲಿಕೋನ್ ಕಾರ್ಡ್ (ರಬ್ಬರಿನಂಥ ದುಂಡನೆ ಹುರಿ). ಸೀಲ್ ಕೂರುವ ಗ್ರೂವ್ (ಗಾಡಿ) 4 ಮಿ.ಮೀ. ಆಳವಿತ್ತು, ಮುಚ್ಚಿದಾಗ ಒತ್ತಿಕೊಳ್ಳಲಿ ಎಂದು 5 ಮಿ.ಮೀ. ದಪ್ಪದ ಕಾರ್ಡ್ ತಂದೆ. ಹಳೇ ಅಂಟು ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಿ. ಕಾರ್ಡನ್ನು ಎಳೆಯಬೇಡಿ, ಒತ್ತುತ್ತಾ ಕೂರಿಸಿ. ಎಳೆದರೆ ಮೂಲೆಯಲ್ಲಿ ತೆಳ್ಳಗಾಗುತ್ತದೆ, ಆಮೇಲೆ ಕುಗ್ಗಿ ಜಾಯಿಂಟ್ ಬಿಡುತ್ತದೆ. ತುದಿಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ. ಜಾಯಿಂಟ್ ಮೂಲೆಯಲ್ಲಿ ಬೇಡ, ನೇರ ಬದಿಯ ನಡುವೆ ಇರಲಿ. ಸೂಪರ್ ಗ್ಲೂ ಸಿಲಿಕೋನ್‌ಗೆ ಸರಿಯಾಗಿ ಹಿಡಿಯುವುದಿಲ್ಲ. ಸಿಲಿಕೋನ್ ಸೀಲೆಂಟ್ ಹಚ್ಚಿ, ಮುಚ್ಚಳ ತೆರೆದೇ 24 ಗಂಟೆ ಬಿಡಿ.

ನಂತರ ಕಾಗದದ ಚೂರು ಸಿಕ್ಕಿಸಿ ಮುಚ್ಚಿ, ಸುತ್ತಲೂ ಎಳೆದು ನೋಡಿ. ಸಲೀಸಾಗಿ ಬಂದ ಕಡೆ ಕಾರ್ಡ್ ಮತ್ತೆ ಕೂರಿಸಬೇಕು. ಮನೆಗೆ ಬಂದ ಮೇಲೆ ಲ್ಯಾಚ್ ಹಾಕಿಡಬೇಡಿ, ಸೀಲ್ ಬೇಗ ಚಪ್ಪಟೆಯಾಗುತ್ತದೆ.