ಇರ್ಬಿದ್‌ನ ಅಡುಗೆಮನೆಗಳಲ್ಲಿ ಅರಬ್ಬಿ ಕಲಿತದ್ದು

ಜೋರ್ಡಾನಿಗೆ ಸ್ವಯಂಸೇವೆಗೆ ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ ಪ್ರಶ್ನೆ. ಇಂಗ್ಲಿಷ್ ಸಾಕಾಗುತ್ತಾ? ರಾಜಧಾನಿ ಅಮ್ಮಾನ್‌ನಲ್ಲಿ ಆಫೀಸಿನಲ್ಲಿ ಕೂತು ವರದಿ ಬರೆಯುವ ಕೆಲಸವಾದರೆ ಸಾಕು. ಆದರೆ ಜನರ ಜೊತೆ ಕೆಲಸ ಮಾಡಬೇಕು ಅಂತ ಆಸೆಪಟ್ಟು ಹೋಗುವವರಿಗೆ ಸಾಲದು, ಖಂಡಿತ ಸಾಲದು. ನನ್ನ ಮಟ್ಟಿಗೆ ಭಾಷೆ ಕಲಿಯುವುದೇ ಸ್ವಯಂಸೇವಕಿಯ ಮೊದಲ ಕೆಲಸ, ಉಳಿದದ್ದೆಲ್ಲ ಆಮೇಲೆ. ನಾನು ಹೇಗೆ ಕಲಿತೆ ಅಂತ ಬರೆಯುತ್ತೇನೆ. ಹೊರಡುವವರಿಗೆ ಉಪಯೋಗಕ್ಕೆ ಬರಬಹುದು.

ನಾನು ಧಾರವಾಡದಲ್ಲಿ ಶಾಲಾ ಶಿಕ್ಷಕಿ. 2018ರ ಸೆಪ್ಟೆಂಬರ್‌ನಲ್ಲಿ ರಜೆ ಹಾಕಿ ಜೋರ್ಡಾನಿನ ಉತ್ತರ ಭಾಗದ ಇರ್ಬಿದ್ ಊರಿಗೆ ಹೋದೆ. ಸಿರಿಯಾದ ಗಡಿಗೆ ತೀರಾ ಹತ್ತಿರದ ಊರು ಅದು. ಗಡಿಯ ಆಚೆ ದರಾ, 2011ರ ಮಾರ್ಚ್‌ನಲ್ಲಿ ಸಿರಿಯಾದ ಪ್ರತಿಭಟನೆಗಳು ಭುಗಿಲೆದ್ದ ಊರು. ಆಮೇಲೆ ಅದು ಯುದ್ಧವಾಗಿ, ಲಕ್ಷಾಂತರ ಸಿರಿಯನ್ನರು ಜೋರ್ಡಾನಿಗೆ ಓಡಿಬಂದರು. ನಿರಾಶ್ರಿತರು ಅಂದ ಕೂಡಲೇ ಎಲ್ಲರಿಗೂ 2012ರಲ್ಲಿ ಶುರುವಾದ ಜಾತರಿ ಶಿಬಿರದ ಫೋಟೋ ನೆನಪಾಗುತ್ತದೆ. ಆದರೆ ಜೋರ್ಡಾನಿಗೆ ಬಂದ ಸಿರಿಯನ್ನರಲ್ಲಿ ಹೆಚ್ಚಿನವರು ಶಿಬಿರದಲ್ಲಿ ಇರಲಿಲ್ಲ. ಊರುಗಳಲ್ಲೇ ಬಾಡಿಗೆ ಮನೆ ಹಿಡಿದು ಇದ್ದರು. ಸರ್ಕಾರಿ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತಿದ್ದವು, ಬೆಳಿಗ್ಗೆ ಜೋರ್ಡಾನಿ ಮಕ್ಕಳು, ಮಧ್ಯಾಹ್ನದ ನಂತರ ಸಿರಿಯನ್ ಮಕ್ಕಳು. ಹಾಗಾಗಿ ಸಿರಿಯನ್ ಮಕ್ಕಳು ಬೆಳಿಗ್ಗೆ ನಮ್ಮ ಚಿಕ್ಕ ಕೇಂದ್ರಕ್ಕೆ ಬರುತ್ತಿದ್ದರು. ಲೆಕ್ಕ, ಇಂಗ್ಲಿಷ್ ಹೇಳಿಕೊಡುವುದು ನನ್ನ ಕೆಲಸ. ಪಕ್ಕದ ಕೋಣೆಯಲ್ಲಿ ಅವರ ತಾಯಂದಿರು ಹೊಲಿಗೆ ಕಲಿಯುತ್ತಿದ್ದರು.

ಹೊರಡುವ ಮುಂಚೆ ಊರಲ್ಲಿ ಕೆಲವು ತಿಂಗಳು ಫುಸ್ಹಾ, ಅಂದರೆ ಪುಸ್ತಕದ ಅರಬ್ಬಿ, ಕಲಿತಿದ್ದೆ. ಅಲ್ಲಿ ಇಳಿದು ನೋಡಿದರೆ ಮನೆಯಲ್ಲಿ, ಬೀದಿಯಲ್ಲಿ ಆಡುವ ಮಾತೇ ಬೇರೆ. ಅದಕ್ಕೆ ಆಮ್ಮಿಯ್ಯೆ ಅನ್ನುತ್ತಾರೆ. ಪುಸ್ತಕದಲ್ಲಿ 'ನನಗೆ ಬೇಕು' ಅನ್ನಲು ಉರೀದು, ಬೀದಿಯಲ್ಲಿ ಬಿದ್ದಿ. ಪುಸ್ತಕದಲ್ಲಿ 'ಎಲ್ಲಿ' ಅನ್ನಲು ಅಯ್ನ, ಬೀದಿಯಲ್ಲಿ ವೇನ್. 'ಈಗ' ಅನ್ನಲು ಪುಸ್ತಕ ಅಲ್ ಆನ್ ಅನ್ನುತ್ತದೆ, ಜೋರ್ಡಾನಿಗಳು ಹಸ್ಸಾ ಅನ್ನುತ್ತಾರೆ. ಹಾಗಂತ ಫುಸ್ಹಾ ದಂಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಔಷಧಿ ಚೀಟಿ, ಶಾಲೆಯ ನೋಟಿಸು, ಸರ್ಕಾರಿ ಅರ್ಜಿ ಎಲ್ಲಾ ಅದರಲ್ಲೇ ಇರುತ್ತವೆ, ಮತ್ತು ಅವನ್ನು ಹಿಡಿದುಕೊಂಡು ಜನ ನಿಮ್ಮ ಹತ್ತಿರವೇ ಬರುತ್ತಾರೆ. ಲಿಪಿಯನ್ನು ಊರಲ್ಲೇ ಪೂರ್ತಿ ಕಲಿತು ಹೋಗಿ. ಮಾತನ್ನು ಮಾತ್ರ ಅಲ್ಲಿನವರ ಬಾಯಿಂದಲೇ ಕಲಿಯಿರಿ.

ಆ ಬಾಯಿಗಳಲ್ಲೂ ಒಂದೊಂದು ರೀತಿ. ಕಾಫಿಗೆ ಪುಸ್ತಕದಲ್ಲಿ ಖಹ್ವಾ ಅನ್ನುವ ಹಾಗೆ ಇರುತ್ತದೆ, ಆ ಮೊದಲಕ್ಷರ ಗಂಟಲಿನ ತೀರಾ ಒಳಗಿಂದ ಬರಬೇಕು. ಅಮ್ಮಾನ್‌ನಿಂದ ಬಂದಿದ್ದ ನಮ್ಮ ಕೇಂದ್ರದ ಹುಡುಗಿ ಆ ಅಕ್ಷರವನ್ನೇ ನುಂಗಿ ಅಹ್ವೆ ಅನ್ನುತ್ತಿದ್ದಳು. ನಮ್ಮ ಡ್ರೈವರ್ ಗಹ್ವೆ ಅನ್ನುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಅದಕ್ಕಿಂತ ಮುಂದೆ, 'ಕ'ಕಾರವನ್ನೂ 'ಚ' ಮಾಡಿ 'ಚೇಫ್ ಹಾಲಿಚ್?' ಅಂತ ನನ್ನ ಕ್ಷೇಮ ಕೇಳುತ್ತಿದ್ದರು. ಇದು ಗಡಿಯ ಎರಡೂ ಕಡೆ ಹರಡಿರುವ ಹೌರಾನ್ ಬಯಲಿನ ಹಳ್ಳಿಮಾತು. ಗಡಿ ಬಂದದ್ದು ಈಚೆಗೆ, ಬಯಲು ಮೊದಲಿಂದಲೂ ಒಂದೇ. ಅದಕ್ಕೇ ದರಾದಿಂದ ಬಂದ ಹೆಂಗಸರ ಮಾತೂ ಇರ್ಬಿದ್ ಅಜ್ಜಿಯ ಮಾತೂ ಎಷ್ಟೋ ಕಡೆ ಒಂದೇ ಥರ ಕೇಳುತ್ತಿತ್ತು. ನಾನು ಅಜ್ಜಿಯ ಮಾತನ್ನೇ ಹಿಡಿದೆ. ಅಮ್ಮಾನ್‌ಗೆ ಹೋದಾಗ ಅಂಗಡಿಯವರು ನನ್ನ ಮಾತು ಕೇಳಿ ನಗುತ್ತಾ 'ಇರ್ಬಿದ್‌ನವರಾ?' ಅಂದರೆ ನನಗೆ ಬಲು ಖುಷಿಯಾಗುತ್ತಿತ್ತು.

ಇಲ್ಲಿ ಕನ್ನಡದವರಿಗೆ ಒಂದು ವಿಷಯ ಹೇಳಲೇಬೇಕು. ನಮ್ಮ ಲಿಪಿಯಲ್ಲಿ ಟಿಪ್ಪಣಿ ಬರೆದುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅರ್ಧ ಕಳೆದುಹೋಗುತ್ತದೆ. ಅರಬ್ಬಿಯಲ್ಲಿ ಸ್ವರದ ಉದ್ದ ಮತ್ತು ಒತ್ತಕ್ಷರ ಎರಡೂ ಅರ್ಥವನ್ನೇ ಬದಲಿಸುತ್ತವೆ. ಹಮಾಮ್ ಅಂದರೆ ಪಾರಿವಾಳ, ಹಮ್ಮಾಮ್ ಅಂದರೆ ಬಚ್ಚಲುಮನೆ. ದರಸ್ ಅಂದರೆ ಓದಿದ, ದರ್ರಸ್ ಅಂದರೆ ಓದಿಸಿದ. ನನ್ನ ಜೊತೆಗಿದ್ದ ಯುರೋಪಿನ ಸ್ವಯಂಸೇವಕರು ಈ ವ್ಯತ್ಯಾಸ ಕಿವಿಗೆ ಬೀಳಲು ತಿಂಗಳುಗಟ್ಟಲೆ ಕಷ್ಟಪಟ್ಟರು. ನಮಗೆ ಹಳಿ, ಹಳ್ಳಿ ಅಂತ ಚಿಕ್ಕಂದಿನಿಂದ ಕೇಳಿ ಅಭ್ಯಾಸ, ತಟ್ಟನೆ ಗೊತ್ತಾಗುತ್ತದೆ. ಆಡುಮಾತಿನ ಬೇತ್ (ಮನೆ), ಯೋಮ್ (ದಿನ) ಇಂಥ ಮಾತುಗಳ ಏ, ಓ ಬರೆಯಲೂ ನಮ್ಮಲ್ಲಿ ಅಕ್ಷರ ಸಿದ್ಧವಾಗಿವೆ. ಕಷ್ಟ ಇರುವುದು ಗಂಟಲಿನ ಅಕ್ಷರಗಳಲ್ಲಿ. ಅವರಲ್ಲಿ ಎರಡು 'ಹ' ಇವೆ. ಗಡುಸು 'ಹ'ಕ್ಕೆ, ಕನ್ನಡಕ ಒರೆಸುವ ಮುಂಚೆ ಗಾಜಿನ ಮೇಲೆ ಉಸಿರು ಬಿಡುತ್ತೇವಲ್ಲ, ಹಾಗೆ ಬಿಡಬೇಕು. ಅಯ್ನ್ ಅನ್ನುವ ಅಕ್ಷರ ಮಾತ್ರ ಬರೆದು ಹೇಳಲಾಗದು. ಅದನ್ನು ನನಗೆ ಕಲಿಸಿದ್ದು ಮಕ್ಕಳು. ಪಾಠ ಮುಗಿದ ಮೇಲೆ ಚಾಕ್‌ಪೀಸ್ ಅವರ ಕೈಗೆ ಕೊಟ್ಟು ನಾನು ಬೆಂಚಿನ ಮೇಲೆ ಕೂರುತ್ತಿದ್ದೆ. ಮಕ್ಕಳಿಗೆ ಸಂಕೋಚ ಇರುವುದಿಲ್ಲ, ಸರಿ ಬರುವ ತನಕ ಬಿಡುವುದಿಲ್ಲ. ಇಡೀ ಕ್ಲಾಸಿನಲ್ಲಿ ಬಾಯಿ ಬಿಡದೇ ಇದ್ದ ಒಬ್ಬ ಹುಡುಗಿ ನನ್ನ ಗಂಟಲಿನ ಮೇಲೆ ಬೆರಳಿಟ್ಟು 'ಇಲ್ಲಿಂದ, ಮಿಸ್, ಇಲ್ಲಿಂದ' ಅಂತ ತೋರಿಸಿದ್ದಳು. ಅವತ್ತಿನಿಂದ ಆಕೆ ಲೆಕ್ಕದ ಕ್ಲಾಸಿನಲ್ಲೂ ಮಾತಾಡತೊಡಗಿದಳು.

ಭಾಷೆ ಯಾಕೆ ಬೇಕು ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಒಬ್ಬ ಹುಡುಗ ದಿನಾ ಕ್ಲಾಸಿನಲ್ಲಿ ನಿದ್ದೆ ಹೋಗುತ್ತಿದ್ದ. ತಾಯಿಯನ್ನು ಕರೆಸಿದೆವು. ಆಕೆ ತುಂಬಾ ಹೊತ್ತು ಮಾತಾಡಿದರು, ನಡುವೆ ದನಿ ಇಳಿಸಿದರು. ದುಭಾಷಿ ನನಗೆ ಹೇಳಿದ್ದು ಒಂದೇ ಸಾಲು, 'ರಾತ್ರಿ ಸರಿಯಾಗಿ ಮಲಗಲ್ವಂತೆ.' ಸುಳ್ಳೇನೂ ಅಲ್ಲ. ಆದರೆ ಆ ಸಾಲು ಇಟ್ಟುಕೊಂಡು ನಾನು ಏನು ಮಾಡಲಿ? ಚಳಿ ಮುಗಿಯುವ ಹೊತ್ತಿಗೆ ನನಗೆ ಅಷ್ಟಿಷ್ಟು ಮಾತು ಬಂದಿತ್ತು. ಒಂದು ಶುಕ್ರವಾರ ಅದೇ ತಾಯಿಯ ಮನೆಯಲ್ಲಿ ನೆಲದ ಮೇಲೆ ಕೂತು ಕೂಸಾ ಕೊರೆಯುತ್ತಿದ್ದೆವು. ಕೂಸಾ ಅಂದರೆ ಎಳೆಯ ಕುಂಬಳದ ಥರದ ಚಿಕ್ಕ ಕಾಯಿ. ಉದ್ದನೆಯ ಕೊರೆಗತ್ತಿ ತೂರಿಸಿ, ಸಿಪ್ಪೆ ಒಡೆಯದ ಹಾಗೆ ತಿರುಗಿಸುತ್ತಾ ತಿರುಳು ತೆಗೆದು, ಒಳಗೆ ಅಕ್ಕಿ ತುಂಬಿ ಬೇಯಿಸುತ್ತಾರೆ. ಕೈಗೆ ಕೆಲಸ ಇದ್ದಾಗ ಮಾತು ಸಲೀಸಾಗಿ ಬರುತ್ತದೆ. ಆಕೆ ಕಾಯಿಯಿಂದ ಕಣ್ಣೆತ್ತದೆ ಹೇಳಿದರು, ಮಗ ಬೆಳಗಿನ ಜಾವ ಹಿಸ್ಬೆಗೆ ಹೋಗಿ ಟೊಮೆಟೊ ಪೆಟ್ಟಿಗೆ ಇಳಿಸುತ್ತಾನೆ, ಅವನ ಕೂಲಿಯಿಂದಲೇ ಬಾಡಿಗೆ. ಹಿಸ್ಬೆ ಅಂದರೆ ತರಕಾರಿಯ ಸಗಟು ಮಾರುಕಟ್ಟೆ. ಆಮೇಲೆ ನಾವು ಆ ಹುಡುಗನಿಗೆ ಶನಿವಾರ ಬೇರೆಯಾಗಿ ಪಾಠ ಇಟ್ಟೆವು. ಕೇಂದ್ರದ ಆಫೀಸಿನ ಮೇಜಿನ ಮುಂದೆ, ಮೂರನೆಯವರ ಎದುರಿಗೆ, ಆ ತಾಯಿ ಅದನ್ನು ಬಿಡಿಸಿ ಹೇಳುವುದು ಸಾಧ್ಯವೇ ಇರಲಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ವ್ಯಾಕರಣದಿಂದ ಅಲ್ಲ. ಮಾತಿಗೆ ಮರುಮಾತಿನಿಂದ. ಅಲ್ಲಿ ಪ್ರತಿ ಸಂದರ್ಭಕ್ಕೂ ಒಂದು ಮಾತಿದೆ, ಆ ಮಾತಿಗೆ ಒಂದು ಉತ್ತರ ಇದೆ. ಕಸ ಗುಡಿಸುವವರು, ಅಂಗಡಿಯವರು, ಡ್ರೈವರ್, ಯಾರು ಕೆಲಸ ಮಾಡುತ್ತಿದ್ದರೂ ಹಾದುಹೋಗುವಾಗ 'ಯಾತೀಕ್ ಇಲ್ ಆಫ್ಯೆ' ಅನ್ನಬೇಕು, ದೇವರು ನಿಮಗೆ ಕಸುವು ಕೊಡಲಿ ಅಂತ. ಅವರು 'ಅಲ್ಲಾ ಯಾಫೀಕ್' ಅನ್ನುತ್ತಾರೆ. ಹೆಂಗಸಿಗೆ ಹೇಳುವಾಗ ಯಾತೀಕಿ, ಯಾಫೀಕಿ. ಊಟ ಮಾಡುವವರಿಗೆ 'ಸಹ್ತೇನ್'. ಅಡುಗೆ ಮಾಡಿದವರಿಗೆ 'ಯಿಸ್ಲಮು ಇದೇಕಿ', ನಿಮ್ಮ ಕೈ ಚೆನ್ನಾಗಿರಲಿ ಅಂತ. ಸ್ನಾನ ಮಾಡಿ ಬಂದವರಿಗೆ, ಕೂದಲು ಕತ್ತರಿಸಿಕೊಂಡು ಬಂದವರಿಗೆ 'ನಯೀಮನ್'. ಕಾಯಿಲೆ ಬಿದ್ದವರಿಗೆ 'ಸಲಾಮ್ತಕ್'. ಮಗುವನ್ನು ಹೊಗಳುವ ಮುಂಚೆ 'ಮಾಶಾ ಅಲ್ಲಾ', ಇಲ್ಲದಿದ್ದರೆ ದೃಷ್ಟಿಯಾಗುತ್ತದೆ ಅನ್ನುವ ನಂಬಿಕೆ. ಇವಿಷ್ಟು ಬಂದರೆ ಬೀದಿಯಲ್ಲಿ ನೀವು ಅಪರಿಚಿತರಲ್ಲ. ಕೇಳಿದ್ದನ್ನು ರಾತ್ರಿ ಬರೆದಿಡುತ್ತಿದ್ದೆ, ಮರುದಿನ ಸಿಕ್ಕಸಿಕ್ಕವರ ಮೇಲೆಲ್ಲ ಬಳಸುತ್ತಿದ್ದೆ. ನನ್ನ ವಿಧಾನ ಅಷ್ಟೇ.

ಕರೆಯುವುದರಲ್ಲೂ ಕ್ರಮ ಇದೆ. ಹಿರಿಯ ಹೆಂಗಸನ್ನು ಖಾಲ್ತೀ ಅನ್ನಬೇಕು, ಹಿರಿಯ ಗಂಡಸನ್ನು ಅಮ್ಮೊ. ಪರಿಚಯ ಆದ ಮೇಲೆ ಹಿರಿಮಗನ ಹೆಸರಿಂದ ಕರೆಯುವುದು ಗೌರವ. ಮಗ ಖಾಲಿದ್ ಆದರೆ ತಾಯಿ ಉಮ್ಮ್ ಖಾಲಿದ್, ತಂದೆ ಅಬೂ ಖಾಲಿದ್. ತಾಯಿ ತನ್ನ ಮಕ್ಕಳನ್ನೇ ಮುದ್ದಿನಿಂದ 'ಮಾಮಾ' ಅಂತ ಕರೆಯುತ್ತಾಳೆ, ತಂದೆ 'ಬಾಬಾ' ಅನ್ನುತ್ತಾನೆ. ನಮ್ಮಲ್ಲೂ ಮಗಳಿಗೆ 'ಬಾರಮ್ಮ', ಮಗನಿಗೆ 'ಬಾರಪ್ಪ' ಅನ್ನುತ್ತೇವಲ್ಲ, ಅದು ನನಗೆ ಮೊದಲ ದಿನವೇ ಅರ್ಥವಾಯಿತು. ತಲೆ ಆಡಿಸುವ ವಿಷಯದಲ್ಲಿ ಮಾತ್ರ ಜಾಗ್ರತೆ. ನಾವು ಹೂಂ ಅನ್ನಲು ಆಡಿಸುವ ತಲೆ ಅವರಿಗೆ ಅರ್ಥವಾಗುವುದಿಲ್ಲ, ಬಾಯಿಬಿಟ್ಟು 'ಆಹ್' ಅನ್ನಬೇಕು. ಹುಬ್ಬೇರಿಸಿ ನಾಲಿಗೆ ಲೊಚಗುಟ್ಟಿದರೆ ಇಲ್ಲ ಅಂತ. ಐದೂ ಬೆರಳು ಕೂಡಿಸಿ ಕೈ ಮೇಲೆ ಕೆಳಗೆ ಆಡಿಸಿದರೆ ಸ್ವಲ್ಪ ತಾಳು ಅಂತ, ಊಟದ ಸನ್ನೆ ಅಲ್ಲ.

ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದು. ದುಡ್ಡು ಕೊಡಲೇಬಾರದು, ಮನಸ್ಸಿಗೆ ನೋವಾಗುತ್ತದೆ. ಸಕ್ಕರೆ, ಕಾಫಿಪುಡಿ, ಹಣ್ಣು ತೆಗೆದುಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ಏನೂ ಇಲ್ಲದವರೂ ಚಹಾ ಕೊಡದೆ ಕಳಿಸುವುದಿಲ್ಲ, ಅದನ್ನು ಬೇಡ ಅನ್ನುವುದು ಸರಿಯಲ್ಲ. ನೀವು ಅವರ ಚಹಾ ಕುಡಿದಾಗ ಮಾತ್ರ ಕೊಡುವವರು, ತೆಗೆದುಕೊಳ್ಳುವವರು ಅನ್ನುವ ಭೇದ ಸ್ವಲ್ಪ ಸಡಿಲವಾಗುತ್ತದೆ. ಏಲಕ್ಕಿ ಹಾಕಿದ, ಸಕ್ಕರೆ ಇಲ್ಲದ ಕಹಿ ಕಾಫಿಯನ್ನು ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಕೊಡುತ್ತಾರೆ. ಬಲಗೈಯಲ್ಲೇ ತೆಗೆದುಕೊಳ್ಳಬೇಕು. ಸಾಕು ಅನ್ನಲು ಬಟ್ಟಲನ್ನು ಸ್ವಲ್ಪ ಅಲುಗಾಡಿಸಿ ವಾಪಸ್ ಕೊಡಬೇಕು, ಇಲ್ಲದಿದ್ದರೆ ಮತ್ತೆ ತುಂಬುತ್ತಲೇ ಇರುತ್ತಾರೆ. ಸಾವಿನ ಮನೆಯಲ್ಲೂ ಇದೇ ಕಹಿ ಕಾಫಿ. ಹೆಣ್ಣು ಕೇಳಲು ಹಿರಿಯರ ಗುಂಪು ಹೋಗುತ್ತದೆ, ಅದಕ್ಕೆ ಜಾಹಾ ಅನ್ನುತ್ತಾರೆ. ಅಲ್ಲಿ ಗಂಡಿನ ಕಡೆಯ ಹಿರಿಯ, ಕಾಫಿ ಮುಂದೆ ಇಟ್ಟರೂ ಮುಟ್ಟುವುದಿಲ್ಲ. ಒಪ್ಪಿಗೆ ಸಿಕ್ಕ ಮೇಲೆಯೇ ಕುಡಿಯುವುದು. ಹೊರಡುತ್ತೇನೆ ಅಂತ ಎದ್ದರೆ 'ಲಿಸ್ಸಾ ಬಕ್ಕೀರ್', ಇನ್ನೂ ಹೊತ್ತಾಗಿಲ್ಲ ಅಂತ ಕೂರಿಸುತ್ತಾರೆ. ಹಾಗಾಗಿ ನಿಜವಾಗಿ ಹೊರಡಬೇಕಾದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಏಳಬೇಕು.

ನಾನು ಸಸ್ಯಾಹಾರಿ. ಬದುಕಲು ಆಗುತ್ತಾ ಅಂತ ಕೇಳುವವರಿಗೆ, ಧಾರಾಳವಾಗಿ ಆಗುತ್ತದೆ. ಮಾಂಸ ತಿನ್ನಲ್ಲ ಅಂದರೆ ಕೆಲವರು ಕೋಳಿ ಬಡಿಸುತ್ತಾರೆ, ಅದಕ್ಕೆ 'ಲಾ ಲಹ್ಮೆ, ವಲಾ ಜಾಜ್, ವಲಾ ಸಮಕ್' ಅಂತ ಮಾಂಸ, ಕೋಳಿ, ಮೀನು ಎಲ್ಲವನ್ನೂ ಹೇಳಬೇಕು. ಅನ್ನವನ್ನು ಮಾಂಸದ ಸಾರಿನಲ್ಲಿ ಬೇಯಿಸಿದ್ದಾರಾ ಅಂತಲೂ ಕೇಳಿ. ಮನ್ಸಫ್ ಅವರ ಹೆಮ್ಮೆಯ ಊಟ, ಕುರಿಮಾಂಸವನ್ನು ಜಮೀದ್ ಅನ್ನುವ ಒಣಗಿಸಿದ ಮೊಸರಿನಲ್ಲಿ ಬೇಯಿಸುತ್ತಾರೆ. ನಾನು ತಿನ್ನದೆ ಇದ್ದರೂ ಆ ದೊಡ್ಡ ತಟ್ಟೆಯ ಸುತ್ತ ಅವರ ಜೊತೆ ಕೂರುತ್ತಿದ್ದೆ. ನನಗೆ ಬೇರೆಯಾಗಿ ಮುಜದ್ದರ ಬರುತ್ತಿತ್ತು, ಅನ್ನ, ಮಸೂರ್ ಬೇಳೆ, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಚಳಿಗಾಲದಲ್ಲಿ ರಶೂಫ್ ಮಾಡುತ್ತಾರೆ, ಗೋಧಿ ನುಚ್ಚು, ಬೇಳೆ, ಜಮೀದ್ ಕೂಡಿಸಿದ್ದು. ಜೋರ್ಡಾನ್ ಬಗ್ಗೆ ಬರೆಯುವವರು ಇದನ್ನು ಯಾಕೆ ಹೇಳುವುದಿಲ್ಲವೋ, ನನ್ನ ಪ್ರಕಾರ ಉತ್ತರ ಜೋರ್ಡಾನಿನ ಅತ್ಯಂತ ರುಚಿಯಾದ ಅಡುಗೆ ಅದು.

ಮಾತು ಅತಿ ಬೇಗ ಬೆಳೆದದ್ದು ಆಲಿವ್ ಕೊಯ್ಲಿನಲ್ಲಿ. ಅಕ್ಟೋಬರ್, ನವೆಂಬರ್‌ನಲ್ಲಿ ಇಡೀ ಕುಟುಂಬ ತೋಟಕ್ಕೆ ಹೋಗುತ್ತದೆ. ಮರದ ಕೆಳಗೆ ಟಾರ್ಪಾಲು ಹಾಸಿ, ಕೊಂಬೆಯನ್ನು ಬೆರಳಿನಿಂದ ಸವರಿದರೆ ಕಾಯಿ ಟಪಟಪ ಉದುರುತ್ತವೆ. ಇಡೀ ದಿನ ಅಜ್ಜಿ ಮೊಮ್ಮಕ್ಕಳ ಹರಟೆ, ಜಗಳ, ಲೆಕ್ಕಾಚಾರ ಕಿವಿಗೆ ಬೀಳುತ್ತಿರುತ್ತದೆ. ಆ ವರ್ಷ ಅಕ್ಟೋಬರ್ 15ರಂದು ಸಿರಿಯಾಗೆ ದಾಟುವ ಜಾಬಿರ್ ಗಡಿ ಮತ್ತೆ ತೆರೆಯಿತು. ಮರದ ಕೆಳಗೆ ಬೇರೆ ಮಾತೇ ಇರಲಿಲ್ಲ, ದರಾದಲ್ಲಿ ಮನೆ ಉಳಿದಿದೆಯಾ, ತೋಟ ಯಾರು ನೋಡುತ್ತಿದ್ದಾರೆ, ಹೋಗಬಹುದಾ. ನನಗೆ ಅರ್ಧ ಮಾತ್ರ ಅರ್ಥವಾಗುತ್ತಿತ್ತು, ಉಳಿದರ್ಧ ತಿಳಿಯಬೇಕು ಅನ್ನುವ ಹಠ ಹುಟ್ಟಿದ್ದು ಅಲ್ಲೇ. ಸಂಜೆ ಗಾಣಕ್ಕೆ ಹೋದರೆ ಹೊಸ ಎಣ್ಣೆ, ಹಸಿರಾಗಿ, ಗಂಟಲಿಗೆ ಸ್ವಲ್ಪ ಖಾರ. ರೊಟ್ಟಿ ಅದ್ದಿ ಅಲ್ಲೇ ನಿಂತು ತಿಂದೆವು.

2019ರ ರಂಜಾನ್ ಮೇ ತಿಂಗಳಲ್ಲಿ ಬಂತು. ಹಗಲಲ್ಲಿ ಹೊರಗೆ ತಿನ್ನುವುದು, ನೀರು ಕುಡಿಯುವುದು ಬೇಡ, ಅದು ಅಲ್ಲಿ ಕಾನೂನಿನ ಪ್ರಕಾರವೂ ತಪ್ಪು. ಉಪವಾಸ ಮಾಡಲೇಬೇಕು ಅಂತ ಯಾರೂ ನನಗೆ ಹೇಳಲಿಲ್ಲ. ಇಫ್ತಾರ್‌ಗೆ ಮಾತ್ರ ಎಲ್ಲರೂ ಕರೆದರು.

ವಾಪಸ್ ಬಂದ ಮೇಲೂ ಭಾಷೆ ಉಳಿಯಬೇಕಲ್ಲ. ನಾನು ಆ ಹೆಂಗಸರ ಜೊತೆ ವಾಟ್ಸಾಪ್‌ನಲ್ಲಿ ದನಿ ಸಂದೇಶ ಕಳಿಸುತ್ತೇನೆ, ಟೈಪ್ ಮಾಡುವುದಿಲ್ಲ. ಅವರ ಸಂದೇಶವನ್ನು ಎರಡು ಮೂರು ಸಲ ಕೇಳಿ, ಹೊಸ ಮಾತನ್ನು ಕನ್ನಡದಲ್ಲಿ ಬರೆದುಕೊಂಡು, ಉತ್ತರದಲ್ಲಿ ಅದನ್ನೇ ಬಳಸುತ್ತೇನೆ. 2024ರ ಡಿಸೆಂಬರ್‌ನಲ್ಲಿ ಸಿರಿಯಾದಲ್ಲಿ ಅಸದ್ ಸರ್ಕಾರ ಬಿದ್ದ ಮೇಲೆ ಅವರಲ್ಲಿ ಕೆಲವರು ದರಾಗೆ ಮರಳಿದ್ದಾರೆ. ಕೂಸಾ ಕೊರೆಯಲು ಕಲಿಸಿದ ತಾಯಿಯೂ ಹೋಗಿದ್ದಾರೆ. ಮನೆಯ ಒಂದು ಗೋಡೆ ಹೊಸದಾಗಿ ಕಟ್ಟಬೇಕಂತೆ, ಮಗ ಅಲ್ಲೇ ಗಾರೆ ಕೆಲಸ ಹಿಡಿದಿದ್ದಾನಂತೆ. ಸಿಮೆಂಟು, ಮರಳು, ಕಬ್ಬಿಣಕ್ಕೆ ಅರಬ್ಬಿಯಲ್ಲಿ ಏನಂತಾರೆ ಅಂತ ಈಗ ಕಲಿಯುತ್ತಿದ್ದೇನೆ.