ಫಾರ್ಮ್ಯಾಟ್ ಮಾಡಿಸೋ ಮುಂಚೆ: ಬೂಟ್ ಆಗದ ಡೆಸ್ಕ್‌ಟಾಪ್ ಜೊತೆ ನನ್ನ ಅನುಭವ

"ಸಿಪಿಯು ಆನ್ ಆಗ್ತಿಲ್ಲ" ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, ಫ್ಯಾನ್ ತಿರುಗ್ತಿದೆಯಾ ಅಂತ. ಯಾಕೆಂದರೆ ಈ ಒಂದು ಮಾತಿನಲ್ಲಿ ನಾಲ್ಕು ಬೇರೆ ಬೇರೆ ತೊಂದರೆ ಅಡಗಿರುತ್ತವೆ. ಬಟನ್ ಒತ್ತಿದರೂ ಏನೂ ಆಗುವುದಿಲ್ಲ, ಅದು ಒಂದು. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಆದರೆ ಡಿಸ್‌ಪ್ಲೇ ಬರುವುದಿಲ್ಲ, ಅದು ಇನ್ನೊಂದು. ಕಪ್ಪು ಸ್ಕ್ರೀನಿನಲ್ಲಿ ಬಿಳಿ ಅಕ್ಷರ ಬಂದು ಅಲ್ಲೇ ನಿಲ್ಲುತ್ತದೆ. ಇಲ್ಲಾಂದ್ರೆ ವಿಂಡೋಸ್ ಲೋಗೋ ತನಕ ಬಂದು ನೀಲಿಯಾಗಿ ಮತ್ತೆ ರೀಸ್ಟಾರ್ಟ್ ಆಗುತ್ತದೆ. ನಾಲ್ಕಕ್ಕೂ ನಮ್ಮೂರಲ್ಲಿ ಪುಕ್ಕಟೆ ಸಿಗುವ ಸಲಹೆ ಮಾತ್ರ ಒಂದೇ, ಫಾರ್ಮ್ಯಾಟ್ ಮಾಡ್ಸಿ, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕ್ಸಿ.

ನಾನು ಸಾಗರದ ಕಡೆಯವನು. ಬೇರೆ ಕೆಲಸದ ಜೊತೆಗೆ ಹಳೇ ಕಂಪ್ಯೂಟರ್ ರಿಪೇರಿ ಮಾಡುತ್ತಾ ಬಂದಿದ್ದೇನೆ. ಫಾರ್ಮ್ಯಾಟ್ ಬೇಕಾದ ಮಷೀನ್ ನನಗೆ ಸಿಕ್ಕಿದ್ದು ಬಹಳ ಕಡಿಮೆ. ಮಷೀನ್ ಎಲ್ಲಿ ತನಕ ಬಂದು ನಿಂತಿತು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಅದಕ್ಕಿಂತ ಆಚೆ ಇರುವುದನ್ನು ಮುಟ್ಟುವುದೇ ಬೇಡ. ಫ್ಯಾನೇ ತಿರುಗದ ಮಷೀನಿಗೆ ವಿಂಡೋಸ್ ಸಿಡಿ ಹಿಡಿದುಕೊಂಡು ಬಂದವರನ್ನೂ ನೋಡಿದ್ದೇನೆ.

ಏನೂ ಆಗದಿದ್ದರೆ ಕರೆಂಟಿನ ದಾರಿ ಹಿಡಿದು ಬರುತ್ತೇನೆ. ಗೋಡೆಯ ಪ್ಲಗ್, ಸ್ಪೈಕ್ ಬಸ್ಟರ್, ಪವರ್ ಕೇಬಲ್, ಆಮೇಲೆ ಎಸ್‌ಎಂಪಿಎಸ್ (ಮಷೀನಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಹಿಂದೆ ಇರುವ ಪುಟ್ಟ ಸ್ವಿಚ್. ಕಸ ಗುಡಿಸುವಾಗ ಕೈ ತಾಗಿ ಆ ಸ್ವಿಚ್ ಆಫ್ ಆಗಿರುವುದು ಜಾಸ್ತಿ. ಅದೆಲ್ಲ ಸರಿ ಇದ್ದರೆ ಕ್ಯಾಬಿನೆಟ್ಟಿನ ಬಟನ್ ಮೇಲೆ ಅನುಮಾನ. ಮದರ್‌ಬೋರ್ಡಿನ (ಎಲ್ಲ ಭಾಗಗಳು ಬಂದು ಸೇರುವ ದೊಡ್ಡ ಬೋರ್ಡ್) ಮೂಲೆಯಲ್ಲಿ ಪವರ್ ಬಟನ್ನಿನ ವೈರ್ ಬಂದು ಕೂರುವ ಎರಡು ಪಿನ್ ಇರುತ್ತವೆ. ವೈರ್ ತೆಗೆದು ಸ್ಕ್ರೂಡ್ರೈವರ್ ತುದಿಯಿಂದ ಎರಡನ್ನೂ ಒಂದು ಕ್ಷಣ ಸೇರಿಸಿ ಮುಟ್ಟಿದರೆ ಮಷೀನ್ ಎದ್ದು ಕೂತಿತು ಅನ್ನಿ, ಹೋಗಿರುವುದು ಬಟನ್ ಅಷ್ಟೇ. ಅಂಥ ಒಂದು ಮಷೀನಿಗೆ ರೀಸೆಟ್ ಬಟನ್ನಿನ ವೈರನ್ನು ಪವರ್ ಪಿನ್ನಿಗೆ ಹಾಕಿ ಕೊಟ್ಟೆ. ಖರ್ಚಿಲ್ಲ.

ಅದಕ್ಕೂ ಜಗ್ಗದಿದ್ದರೆ ಎಸ್‌ಎಂಪಿಎಸ್ ಪರೀಕ್ಷೆ. ಎಲ್ಲ ಕನೆಕ್ಟರ್ ಕಿತ್ತು, 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಹಸಿರು ವೈರ್ ಮತ್ತು ಒಂದು ಕಪ್ಪು ವೈರಿನ ಕಿಂಡಿಗಳ ನಡುವೆ ಪೇಪರ್ ಕ್ಲಿಪ್ ಬಗ್ಗಿಸಿ ಹಾಕಿ, ಆಮೇಲೆ ಕರೆಂಟ್ ಕೊಡುತ್ತೇನೆ. ಫ್ಯಾನ್ ತಿರುಗಿದ ತಕ್ಷಣ ಖುಷಿ ಪಡಬೇಡಿ, ಮಲ್ಟಿಮೀಟರ್ ಹಿಡಿಯಿರಿ. ಹಳದಿಯಲ್ಲಿ 12, ಕೆಂಪಿನಲ್ಲಿ 5, ಕಿತ್ತಳೆಯಲ್ಲಿ 3.3 ವೋಲ್ಟ್ ಇರಬೇಕು. ನೂರಕ್ಕೆ 5ರಷ್ಟು ಆಚೀಚೆ ಆದರೆ ತೊಂದರೆ ಇಲ್ಲ. ಅಂದರೆ ಹಳದಿಯಲ್ಲಿ 11.4ಕ್ಕಿಂತ ಕೆಳಗಿಳಿದರೆ ಆ ಎಸ್‌ಎಂಪಿಎಸ್ ನಂಬುವ ಹಾಗಿಲ್ಲ. ನೇರಳೆ ವೈರಿನಲ್ಲಿ ಮಾತ್ರ ಮಷೀನ್ ಆಫ್ ಇದ್ದಾಗಲೂ 5 ವೋಲ್ಟ್ ಇರುತ್ತದೆ. ಈ ನೇರಳೆ ವೈರಿನ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇನ್ನೊಂದು, ಎಸ್‌ಎಂಪಿಎಸ್ ಡಬ್ಬಿಯನ್ನೇ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಹೊಸದು ತಂದು ಹಾಕುವುದೇ ಸರಿ.

ಫ್ಯಾನ್ ತಿರುಗಿ ಡಿಸ್‌ಪ್ಲೇ ಬರದಿದ್ದರೆ ಮೊದಲು ಮಾನಿಟರ್ ಕೇಬಲ್ ನೋಡುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಇರುವ ಮಷೀನಿನಲ್ಲಿ ಕೇಬಲ್ ಮದರ್‌ಬೋರ್ಡಿಗೆ ಹಾಕಿರುತ್ತಾರೆ, ಡಿಸ್‌ಪ್ಲೇ ಎಲ್ಲಿಂದ ಬರಬೇಕು? ಅದಲ್ಲದಿದ್ದರೆ ನಮ್ಮ ಮಲೆನಾಡಿನಲ್ಲಿ, ಅದೂ ಜುಲೈ ತಿಂಗಳಲ್ಲಿ, ಕಣ್ಣು ಮುಚ್ಚಿ ರ‍್ಯಾಮ್ (ಮೆಮೊರಿ ಪಟ್ಟಿ) ಅಂತ ಹೇಳಬಹುದು. ಬಟ್ಟೆಯೇ ವಾರಗಟ್ಟಲೆ ಒಣಗದ ಜಾಗದಲ್ಲಿ ರ‍್ಯಾಮಿನ ಬಂಗಾರದ ಬಣ್ಣದ ಹಲ್ಲುಗಳ ಮೇಲೆ ಮಸುಕು ಕೂರದೇ ಇರುತ್ತದಾ? ಪ್ಲಗ್ ಕಿತ್ತು, ಉಳಿದ ಕರೆಂಟ್ ಇಳಿಯಲಿ ಅಂತ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಕ್ಯಾಬಿನೆಟ್ಟಿನ ಬರೀ ಕಬ್ಬಿಣ ಒಮ್ಮೆ ಮುಟ್ಟಿ, ಆಮೇಲೆ ಎರಡೂ ಕಡೆಯ ಕ್ಲಿಪ್ ಒತ್ತಿದರೆ ರ‍್ಯಾಮ್ ತಾನೇ ಮೇಲೆ ಬರುತ್ತದೆ. ಮಕ್ಕಳು ಪೆನ್ಸಿಲ್ ಅಳಿಸುವ ಬಿಳಿ ಮೆತ್ತನೆ ರಬ್ಬರಿನಿಂದ ಹಲ್ಲುಗಳನ್ನು ಒಂದೇ ದಿಕ್ಕಿಗೆ ಉಜ್ಜಿ. ಪೆನ್ನಿನ ಇಂಕ್ ಅಳಿಸುವ ಒರಟು ರಬ್ಬರ್ ಬೇಡ, ಲೇಪವೇ ಕಿತ್ತು ಬರುತ್ತದೆ. ರಬ್ಬರಿನ ಪುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆದು, ಕ್ಲಿಪ್ ಟಕ್ ಅನ್ನುವ ತನಕ ಒತ್ತಿ ಕೂರಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಯಾವುದು ಕೈ ಕೊಟ್ಟಿದೆ ಅಂತ ಗೊತ್ತಾಗುತ್ತದೆ. ತೊಂದರೆ ಇದ್ದಾಗ ಮಷೀನ್ ಮಾಡುವ ಬೀಪ್ ಶಬ್ದ ಎಣಿಸಿ ಅಂತ ಎಲ್ಲರೂ ಹೇಳುತ್ತಾರೆ. ಈಗಿನ ಎಷ್ಟೋ ಕ್ಯಾಬಿನೆಟ್ಟಿನಲ್ಲಿ ಸ್ಪೀಕರೇ ಇರುವುದಿಲ್ಲ, ಬೀಪಿನ ಅರ್ಥವೂ ಬಯೋಸ್ (ಮಷೀನ್ ಆನ್ ಆದ ಕೂಡಲೇ ಬೋರ್ಡಿನಲ್ಲಿ ಮೊದಲು ಓಡುವ ಪ್ರೋಗ್ರಾಂ) ಕಂಪನಿಗೊಂದು ಥರ. ನಾನಂತೂ ಅದರ ಹಿಂದೆ ಹೋಗುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಕೇಸು. ನನಗೆ ಗೊತ್ತಿರುವ ಒಬ್ಬರು ಡಿಟಿಪಿ ಅಂಗಡಿ ಇಟ್ಟಿದ್ದಾರೆ. ಹಳೇ ಮಷೀನ್, ವಿಂಡೋಸ್ 7, ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಟೈಪಿಂಗಿಗೆ ನುಡಿ. ಇದನ್ನು ಬದಲಿಸಿ ಅಂದರೆ ಅವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ವರ್ಷಗಟ್ಟಲೆಯ ಲಗ್ನಪತ್ರಿಕೆ ಫೈಲುಗಳು ಅದರಲ್ಲೇ ತೆರೆಯಬೇಕು. ಮೇ ತಿಂಗಳು, ಮದುವೆ ಸೀಸನ್. ಸೋಮವಾರ ಬೆಳಗ್ಗೆ ಫೋನ್ ಮಾಡಿದರು. "ಮಾರಾಯ, ವಿಂಡೋಸ್ ಬರ್ಲಿಕ್ಕೆ ಶುರುವಾಗ್ತದೆ, ನೀಲಿ ಆಗ್ತದೆ, ಮತ್ತೆ ಮೊದಲಿಂದ. ಪಕ್ಕದ ಹುಡುಗ ಫಾರ್ಮ್ಯಾಟ್ ಅಂತಿದಾನೆ, ಕೊಡ್ಲಾ?"

ಕೊಡಬೇಡಿ, ಬರ್ತೀನಿ ಅಂದೆ.

ನೀಲಿ ಸ್ಕ್ರೀನ್ ಮಿಂಚಿ ಮಾಯವಾಗುತ್ತಿತ್ತು. ಎಫ್8 ಒತ್ತಿ, ತಾನಾಗಿ ರೀಸ್ಟಾರ್ಟ್ ಆಗುವುದನ್ನು ತಡೆಯುವ ಆಯ್ಕೆ ಕೊಟ್ಟ ಮೇಲೆ ಕೋಡ್ ನಿಂತಿತು. 0ಎಕ್ಸ್0000007ಬಿ. ವಿಂಡೋಸ್ ತಾನು ಕೂತಿರುವ ಡಿಸ್ಕನ್ನೇ ಓದಲಾಗುತ್ತಿಲ್ಲ ಅನ್ನುವ ಕೋಡ್ ಅದು. ಡಿಸ್ಕ್ ಹೋಗಿದ್ದರೂ ಬರಬಹುದು. ಆದರೆ ಇಲ್ಲಿ ವಿಂಡೋಸ್ ಲೋಗೋ ತನಕ ಬರುತ್ತಿದೆ, ಡಿಸ್ಕಿನಿಂದ ಟಿಕ್ ಟಿಕ್ ಶಬ್ದವೂ ಇಲ್ಲ. ಹಾಗಾಗಿ ಅವರನ್ನೇ ಕೇಳಿದೆ, ಇತ್ತೀಚೆಗೆ ಏನಾದರೂ ಬೇರೆ ಥರ ಕಾಣಿಸಿತ್ತಾ? ಟೈಮ್ ಯಾವಾಗಲೂ ಹಿಂದೆ ಬೀಳ್ತಿತ್ತು, ನಾನೇ ಸರಿ ಮಾಡ್ಕೊಳ್ತಿದ್ದೆ ಅಂದರು. ಇವತ್ತು ಬೆಳಗ್ಗೆ ಎಫ್1 ಒತ್ತು ಅಂತ ಏನೋ ಬಂತು, ಒತ್ತಿದೆ ಅಂತಲೂ ಹೇಳಿದರು.

ಅಷ್ಟು ಸಾಕಾಯಿತು. ಬಯೋಸ್ ಒಳಗೆ ಹೋದರೆ ತಾರೀಖು 2010 ಜನವರಿ 1.

ಆದದ್ದು ಇಷ್ಟು. ಮದರ್‌ಬೋರ್ಡಿನ ಮೇಲೆ ಸಿಆರ್2032 ಅನ್ನುವ, ನಾಣ್ಯದ ಆಕಾರದ 3 ವೋಲ್ಟಿನ ಸೆಲ್ ಇರುತ್ತದೆ. ಟೈಮ್ ಮತ್ತು ಇಂಥ ಹಳೇ ಬೋರ್ಡುಗಳಲ್ಲಿ ಬಯೋಸ್ ಸೆಟ್ಟಿಂಗ್ ಎರಡನ್ನೂ ಕಾಯುವುದು ಅದೇ. ಪ್ಲಗ್ ಹಾಕಿ ಸ್ವಿಚ್ ಆನ್ ಇರುವ ತನಕ ಆ ನೇರಳೆ ವೈರಿನ 5 ವೋಲ್ಟ್ ಈ ಕೆಲಸ ನೋಡಿಕೊಳ್ಳುತ್ತದೆ, ಸೆಲ್ ಸುಮ್ನೆ ಕೂತಿರುತ್ತದೆ. ಮೇನ್ಸ್ ಆಫ್ ಮಾಡಿದರೆ ಮಾತ್ರ ಸೆಲ್ಲಿನ ಮೇಲೆ ಭಾರ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸಂಜೆಯಾದರೆ ಗುಡುಗು ಸಿಡಿಲು, ಪ್ಲಗ್ ಕಿತ್ತೇ ಮನೆಗೆ ಹೋಗುತ್ತಾರೆ. ಸೆಲ್ ಸೋತಾಗ ಮೊದಲು ಗಡಿಯಾರ ತಪ್ಪಿತು, ಆಮೇಲೆ ಒಂದು ಭಾನುವಾರ ಪೂರ್ತಿ ಪ್ಲಗ್ ಇಲ್ಲದೆ ಕಳೆದಾಗ ಸೆಟ್ಟಿಂಗೂ ಅಳಿಸಿಹೋಯಿತು. ಬೋರ್ಡ್ ತನ್ನ ಹುಟ್ಟು ಸೆಟ್ಟಿಂಗಿಗೆ ವಾಪಸ್ ಹೋಯಿತು. ಆ ಸೆಟ್ಟಿಂಗಿನಲ್ಲಿ ಸಾಟಾ ಮೋಡ್, ಅಂದರೆ ಬೋರ್ಡ್ ಹಾರ್ಡ್ ಡಿಸ್ಕಿನ ಜೊತೆ ಮಾತಾಡುವ ರೀತಿ, ಐಡಿಇ ಅನ್ನುವ ಹಳೇದು. ವಿಂಡೋಸ್ ಹಾಕುವಾಗ ಇದ್ದದ್ದು ಎಎಚ್‌ಸಿಐ ಅನ್ನುವ ಹೊಸದು. ವಿಂಡೋಸ್ 7 ಇನ್‌ಸ್ಟಾಲ್ ಆಗುವಾಗ ಯಾವ ಮೋಡ್ ಇತ್ತೋ ಅದರ ಡ್ರೈವರ್ (ಡಿಸ್ಕ್ ಓದಲು ಬೇಕಾದ ಸಾಫ್ಟ್‌ವೇರ್) ಮಾತ್ರ ಶುರುವಿಗೇ ಎಬ್ಬಿಸುತ್ತದೆ. ಮೋಡ್ ಬದಲಾದರೆ ತನ್ನ ಡಿಸ್ಕೇ ಅದಕ್ಕೆ ಕಾಣುವುದಿಲ್ಲ.

ಎಎಚ್‌ಸಿಐ ಅಂತ ಬದಲಿಸಿ, ಬೂಟ್ ಆರ್ಡರಿನಲ್ಲಿ ಹಾರ್ಡ್ ಡಿಸ್ಕ್ ಮೇಲೆ ತಂದು, ಎಫ್10 ಒತ್ತಿ ಸೇವ್ ಮಾಡಿದೆ. ಡೆಸ್ಕ್‌ಟಾಪ್ ಬಂತು, ಫೈಲು ಎಲ್ಲಾ ಅಲ್ಲೇ ಇತ್ತು. ಮಷೀನ್ ಆಫ್ ಮಾಡಿ ಸೆಲ್ ತೆಗೆದು ಅಳೆದರೆ ಎರಡೂವರೆ ವೋಲ್ಟೂ ಇರಲಿಲ್ಲ. ವಾಚ್ ಅಂಗಡಿಯಿಂದ ಹೊಸದು ತರಿಸಿ, ಪ್ಲಸ್ ಗುರುತು ಮೇಲೆ ಬರುವ ಹಾಗೆ ಹಾಕಿ, ಸೆಟ್ಟಿಂಗನ್ನು ಇನ್ನೊಮ್ಮೆ ಕೊಟ್ಟೆ. ಫಾರ್ಮ್ಯಾಟ್ ಮಾಡಿದ್ದರೂ ಮಷೀನ್ ನಡೆಯುತ್ತಿತ್ತು ಅನ್ನುವುದು ತಮಾಷೆ, ಐಡಿಇ ಮೋಡಿನಲ್ಲೇ ಹೊಸ ವಿಂಡೋಸ್ ಕೂರುತ್ತಿತ್ತು. ಸಿ ಡ್ರೈವಿನಲ್ಲಿದ್ದ ಫೈಲು, ಫಾಂಟು ಮಾತ್ರ ಹೋಗಿರುತ್ತಿದ್ದವು.

ಸ್ವಲ್ಪ ಹೊಸ ಮಷೀನುಗಳಲ್ಲಿ ಇದೇ ಕಥೆ ಬೇರೆ ವೇಷದಲ್ಲಿ ಬರುತ್ತದೆ. ವಿಂಡೋಸನ್ನು ಲೆಗಸಿ ಅನ್ನುವ ಹಳೇ ಬೂಟ್ ಮೋಡಿನಲ್ಲಿ ಹಾಕಿರುತ್ತಾರೆ, ಸೆಲ್ ಹೋದ ಮೇಲೆ ಬಯೋಸ್ ಯುಇಎಫ್‌ಐ ಅನ್ನುವ ಹೊಸ ಮೋಡಿಗೆ ತಿರುಗಿರುತ್ತದೆ. ಬೂಟ್ ಡಿವೈಸ್ ಇಲ್ಲ ಅಂತ ಬರುತ್ತದೆ, ಆದರೆ ಬಯೋಸ್ ಒಳಗೆ ಡಿಸ್ಕಿನ ಹೆಸರು ಕಾಣುತ್ತಿರುತ್ತದೆ. ಕಂಡರೆ ಸೆಟ್ಟಿಂಗ್ ನೋಡಿ. ಕಾಣದಿದ್ದರೆ ಸಾಟಾ ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ. ಯುಎಸ್‌ಬಿಯಲ್ಲಿ ಪೆನ್‌ಡ್ರೈವ್ ಮರೆತಿದ್ದರೂ ಇದೇ ಮೆಸೇಜ್ ಬರಬಹುದು, ಅದನ್ನೂ ನೋಡಿಬಿಡಿ. ಡಿಸ್ಕ್ ನಿಜವಾಗಿಯೂ ಸೊರಗುತ್ತಿದ್ದರೆ ಲಿನಕ್ಸ್ ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಮೊದಲು ಫೈಲು ಕಾಪಿ ಮಾಡಿಕೊಳ್ಳುತ್ತೇನೆ. ಸಾಯುತ್ತಿರುವ ಡಿಸ್ಕಿಗೆ ಚೆಕ್‌ಡಿಸ್ಕ್ (ಡಿಸ್ಕಿನ ತಪ್ಪು ಹುಡುಕಿ ಸರಿಮಾಡುವ ವಿಂಡೋಸ್ ಪ್ರೋಗ್ರಾಂ) ಓಡಿಸಿದರೆ ಇರುವುದೂ ಹೋಗಬಹುದು.

ಡಿಟಿಪಿ ಅಂಗಡಿಯ ಕ್ಯಾಬಿನೆಟ್ ಒಳಗೆ ಒಂದು ಪೇಪರ್ ಟೇಪ್ ಅಂಟಿಸಿದ್ದೇನೆ. ಸಾಟಾ ಎಎಚ್‌ಸಿಐ, ಸೆಲ್ ಹಾಕಿದ ತಾರೀಖು, ಅಷ್ಟೇ ಅದರಲ್ಲಿ. ಮುಂದೆ ಯಾರು ಬಿಚ್ಚಿದರೂ ಉಪಯೋಗಕ್ಕೆ ಬರುತ್ತದೆ. "ಹಾಗಾದ್ರೆ ಇನ್ಮೇಲೆ ಪ್ಲಗ್ ಕೀಳೋದು ಬೇಡ್ವಾ?" ಅಂತ ಅವರು ಕೇಳಿದರು. ಕೀಳಿ, ಖಂಡಿತ ಕೀಳಿ ಅಂದೆ. ಸೆಲ್ ಹೋದರೆ ಇನ್ನೊಂದು ಹಾಕಬಹುದು, ಸಿಡಿಲಿಗೆ ಬೋರ್ಡ್ ಹೋದರೆ ಅಷ್ಟು ಹಳೇದು ಎಲ್ಲಿಂದ ತರೋಣ? ಜೊತೆಗೆ ನೆಟ್ ಕೇಬಲ್ಲೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.