ಗ್ಲಾಸ್ಗೋ ವರ್ಲ್ಡ್‌ಕಾನ್‌ನಲ್ಲಿ ಹೊಸ ಲೇಖಕ: ಮೇಜು ಹಾಕದೆ ಪುಸ್ತಕ ಮಾರಿದ ಅನುಭವ

ಮೊದಲ ಕಾದಂಬರಿ ಹೊರಬಂದ ವರ್ಷವೇ ವಿಜ್ಞಾನಕಥೆ, ಅದ್ಭುತಕಥೆಗಳ ಓದುಗರೂ ಲೇಖಕರೂ ಸೇರುವ ವಿಶ್ವ ಸಮ್ಮೇಳನವಾದ ವರ್ಲ್ಡ್‌ಕಾನ್‌ಗೆ ಹೋಗುವವರು ಮಾರಾಟದ ಸಭಾಂಗಣದಲ್ಲಿ ಸ್ವಂತ ಮೇಜು ಹಿಡಿಯಬಾರದು, ಬದಲಿಗೆ ಸ್ವಯಂಸೇವಕರಾಗಿ ದುಡಿಯಬೇಕು ಎಂಬ ನನ್ನ ವಾದವನ್ನು ನಮ್ಮ ಬರಹಗಾರರ ಬಳಗದಲ್ಲಿ ಯಾರೂ ಒಪ್ಪಿರಲಿಲ್ಲ. ಶುಲ್ಕ ಕೊಟ್ಟು ಒಳಗೆ ಹೋಗಿ ಕುರ್ಚಿ ಜೋಡಿಸುವುದೆಂದರೆ ಕೈಯಿಂದ ಕಾಸು ಹಾಕಿ ಕೂಲಿ ಮಾಡಿದ ಹಾಗೆ ಎಂದು ಒಬ್ಬರು ನಕ್ಕಿದ್ದರು. ಪ್ರಕಾಶಕರೂ ಲೇಖಕರಾದವರು ಲೇಖಕರಂತೆ ಕಾಣಿಸಿಕೊಳ್ಳಬೇಕೆಂದು ಉಪದೇಶಿಸಿದ್ದರು. 2024ರ ಆಗಸ್ಟ್ 8ರಿಂದ 12ರವರೆಗೆ ಗ್ಲಾಸ್ಗೋದಲ್ಲಿ ನಡೆದ ಸಮ್ಮೇಳನದ ಲೆಕ್ಕವನ್ನು ನೋಡಿದ ಮೇಲೆ ಅದೇ ಬಳಗದ ಇಬ್ಬರು ನನ್ನ ದಾರಿ ಹಿಡಿದಿದ್ದಾರೆ. ಬ್ರಿಟನ್ನಿನಲ್ಲಿದ್ದುಕೊಂಡು ಇಂಗ್ಲಿಷಿನಲ್ಲಿ ವಿಜ್ಞಾನಕಥೆ, ಅದ್ಭುತಕಥೆ ಬರೆಯುತ್ತಿರುವ ಕನ್ನಡಿಗರು ಈಗ ಬೆರಳೆಣಿಕೆಗಿಂತ ಹೆಚ್ಚಿದ್ದಾರೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಅದೇ ವರ್ಷದ ವಸಂತದಲ್ಲಿ ಒಂದು ಚಿಕ್ಕ ಸಮ್ಮೇಳನದಲ್ಲಿ ಎಲ್ಲರೂ ಹೇಳಿಕೊಡುವ ಕ್ರಮವನ್ನೇ ಪರೀಕ್ಷಿಸಿದ್ದೆ. ಅರ್ಧ ಮೇಜಿಗೆ ಸುಮಾರು 60 ಪೌಂಡ್, ನಿಲ್ಲಿಸುವ ಬ್ಯಾನರಿಗೆ 40ರ ಮೇಲೆ, ಒಂದು ಕಟ್ಟು ಬುಕ್‌ಮಾರ್ಕ್‌ಗಳಿಗೆ 30ರ ಆಸುಪಾಸು, ಪ್ರಕಾಶಕರಿಂದ ಅರ್ಧ ಬೆಲೆಗೆ ಕೊಂಡ ಪ್ರತಿಗಳಿಗೆ 200ರ ಹತ್ತಿರ ಹೋಯಿತು. ಮಾರಾಟವಾದದ್ದು ಹತ್ತೋ ಹನ್ನೊಂದೋ ಪ್ರತಿ, ಅದರಲ್ಲಿಯೂ ಮೂರನ್ನು ಅಕ್ಕಪಕ್ಕದ ಮೇಜಿನ ಲೇಖಕರು ಕನಿಕರದಿಂದ ಕೊಂಡರು; ಮರ್ಯಾದೆಗೆ ಅವರ ಪುಸ್ತಕಗಳನ್ನು ನಾನೂ ಕೊಂಡಿದ್ದರಿಂದ ಆ ಮೂರರ ಲಾಭವೂ ಅಲ್ಲಿಯೇ ಕರಗಿತು. ಮೇಜಿನ ಹಿಂದೆ ಕುಳಿತವರು ಗೋಷ್ಠಿಗೂ ಹೋಗಲಾರರು, ಸಂಜೆ ಎಲ್ಲರೂ ಸೇರುವ ಬಾರ್‌ಗೂ ಹೋಗಲಾರರು. ಶೌಚಕ್ಕೆ ಎದ್ದು ಹೋಗಬೇಕಾದರೂ ಪಕ್ಕದವರ ದಮ್ಮಯ್ಯ ಹಾಕಬೇಕು. ಎದುರಿಗೆ ಬಂದವರು ಒಂದು ಕ್ಷಣ ಮುಖಪುಟ ನೋಡಿ, ನನ್ನ ಕಣ್ಣು ತಪ್ಪಿಸಿ, ಮುಂದಿನ ಮೇಜಿನಲ್ಲಿ ಕೈಯಿಂದ ಮಾಡಿದ ಡ್ರ್ಯಾಗನ್ ಕಿವಿಯೋಲೆ ಕೊಳ್ಳುವುದನ್ನು ಎರಡು ಹಗಲು ನೋಡಿದೆ.

ಈ ಲೋಕದವರಿಗೆ ಮಾರಲು ಬಂದವರ ವಾಸನೆ ದೂರದಿಂದಲೇ ಹೊಡೆಯುತ್ತದೆ. ವರ್ಲ್ಡ್‌ಕಾನ್ 1939ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದಾಗಿನಿಂದಲೂ ಓದುಗರೇ ಸೇರಿ, ಸಂಬಳವಿಲ್ಲದೆ ನಡೆಸುತ್ತಿರುವ ಕೂಟವಾದುದರಿಂದ, ವೇದಿಕೆಯ ಮೇಲೆ ಕೂರುವ ಲೇಖಕರೂ ಸಾಮಾನ್ಯವಾಗಿ ತಮ್ಮ ಸದಸ್ಯತ್ವವನ್ನು, ಅಂದರೆ ಪ್ರವೇಶದ ಚೀಟಿಯನ್ನು, ತಾವೇ ಕೊಳ್ಳುತ್ತಾರೆ. ಗ್ಲಾಸ್ಗೋದಲ್ಲಿ ಈ ಸೂಕ್ಷ್ಮ ಇನ್ನೂ ಹರಿತವಾಗಿತ್ತು. ಹಿಂದಿನ ವರ್ಷ ಚೀನಾದ ಚೆಂಗ್ಡುವಿನಲ್ಲಿ ನಡೆದ ವರ್ಲ್ಡ್‌ಕಾನ್‌ನಲ್ಲಿ, ಸದಸ್ಯರ ಮತದಿಂದ ಕೊಡುವ ಹ್ಯೂಗೋ ಪ್ರಶಸ್ತಿಯ ಗೊಂದಲ ಯಾರಿಗೂ ಮರೆತಿರಲಿಲ್ಲ. ಸಾಲದೆಂಬಂತೆ, ಸಮ್ಮೇಳನಕ್ಕೆ ಕೆಲವೇ ವಾರಗಳಿರುವಾಗ ಗ್ಲಾಸ್ಗೋದ ಸಂಘಟಕರು ಅದೇ ಪ್ರಶಸ್ತಿಗೆ ಬಿದ್ದ ಅನುಮಾನಾಸ್ಪದವಾದ 377 ಮತಗಳನ್ನು ತಳ್ಳಿಹಾಕಿದ್ದಾಗಿ ಪ್ರಕಟಿಸಿದ್ದರು. ಹ್ಯೂಗೋ ಜೊತೆಯಲ್ಲಿಯೇ ಸದಸ್ಯರು ಮತ ಹಾಕುವ, ಹೊಸ ಲೇಖಕರಿಗೆ ಮೀಸಲಾದ ಅಸ್ಟೌಂಡಿಂಗ್ ಪ್ರಶಸ್ತಿಗೆ ಮೊದಲ ವೃತ್ತಿಪರ ಪ್ರಕಟಣೆಯಿಂದ ಎರಡು ವರ್ಷ ಮಾತ್ರ ಅರ್ಹತೆಯಿರುವುದರಿಂದ, ಅದನ್ನು ಎದೆಯ ಮೇಲೆ ಬರೆದುಕೊಂಡು ತಿರುಗಬೇಕೆಂದು ಸಲಹೆ ಕೊಟ್ಟವರಿದ್ದರು. ನಾನು ತಿರುಗಲಿಲ್ಲ.

ಖರ್ಚಿನ ವಿಷಯಕ್ಕೆ ಬರುತ್ತೇನೆ. ಸದಸ್ಯತ್ವಕ್ಕೆ 200 ಚಿಲ್ಲರೆ ಪೌಂಡ್, ಲೀಡ್ಸ್‌ನಿಂದ ಹೋಗಿಬರುವ ರೈಲಿಗೆ 80, ಬೇಸಿಗೆಯಲ್ಲಿ ಖಾಲಿಯಿರುವ ಒಂದು ವಿದ್ಯಾರ್ಥಿ ನಿಲಯದ ಕೋಣೆಗೆ ದಿನಕ್ಕೆ 60ರಂತೆ ಐದು ರಾತ್ರಿ, ಊಟ ತಿಂಡಿಗೆ 100, ಮುದ್ರಣಕ್ಕೆ 110. ಎಲ್ಲ ಸೇರಿ 800ರ ಮೇಲೆ, ಅಂದರೆ ಆಗಿನ ದರದಲ್ಲಿ ಎಂಬತ್ತೈದು ಸಾವಿರ ರೂಪಾಯಿಯ ಸುತ್ತಮುತ್ತ. ಸಭಾಂಗಣಕ್ಕೆ ಅಂಟಿಕೊಂಡ ಹೋಟೆಲಿನಲ್ಲಿ ಉಳಿದಿದ್ದರೆ ಕೋಣೆಯ ಬಾಬತ್ತು ಎರಡೂವರೆ ಪಟ್ಟಾಗುತ್ತಿತ್ತು. ಕೇಂದ್ರ ನಿಲ್ದಾಣದಿಂದ ಎಕ್ಸಿಬಿಷನ್ ಸೆಂಟರ್ ನಿಲ್ದಾಣಕ್ಕೆ ರೈಲಿನಲ್ಲಿ ಮೂರು ನಾಲ್ಕು ನಿಮಿಷ. ಅಲ್ಲಿಂದ ಮುಚ್ಚಿದ ಕಾಲುಸೇತುವೆಯಲ್ಲಿ ನಡೆದರೆ ಮಳೆ ತಾಗದೆ ಸಮ್ಮೇಳನ ನಡೆದ ಎಸ್‌ಇಸಿ ಸಭಾಂಗಣವನ್ನು ತಲುಪಬಹುದು. ಗ್ಲಾಸ್ಗೋದ ಮಳೆಗೆ ನಮ್ಮ ಸಾಗರದ ಕಡೆಯವರು ಹೆದರಬೇಕಿಲ್ಲವಾದರೂ ಚೀಲದಲ್ಲಿ ಪುಸ್ತಕಗಳಿರುವಾಗ ಆ ಸೇತುವೆಯ ಬೆಲೆ ತಿಳಿಯುತ್ತದೆ.

ಗೋಫರ್ ಕೆಲಸಕ್ಕೆ, ಅಂದರೆ ಓಡಾಡಿ ಸಣ್ಣಪುಟ್ಟ ಕೆಲಸ ಮಾಡುವ ಸ್ವಯಂಸೇವಕರ ಪಟ್ಟಿಗೆ, ಹೆಸರು ಕೊಡುವಾಗ ನಾನು ಗ್ರೀನ್ ರೂಮನ್ನು ಕೇಳಿಕೊಂಡಿದ್ದೆ. ಗೋಷ್ಠಿಗೆ ಹೋಗುವ ಲೇಖಕರು, ಸಂಪಾದಕರು, ವಿಜ್ಞಾನಿಗಳು ವೇದಿಕೆ ಏರುವ ಮುಂಚೆ ಬಂದು ಕೂರುವ ಕೋಣೆಯದು. ಅಲ್ಲಿ ನನ್ನ ಕೆಲಸ ಇಷ್ಟೇ: ಬಂದವರ ಹೆಸರನ್ನು ಪಟ್ಟಿಯಲ್ಲಿ ಗುರುತು ಹಾಕುವುದು, ಅವರ ಸಹಭಾಗಿಗಳು ಎಲ್ಲಿ ಕುಳಿತಿದ್ದಾರೆಂದು ತೋರಿಸುವುದು, ಹೆಸರಿನ ಮಡಚು ಫಲಕಗಳನ್ನು ಸರಿಯಾದ ಗೋಷ್ಠಿಗೆ ಜೋಡಿಸಿ ಕೊಡುವುದು, ಕಾಫಿ ಮುಗಿದಾಗ ಹೇಳಿಕಳಿಸುವುದು. ವೇದಿಕೆಗೆ ಹೋಗುವ ಮುಂಚಿನ ಹತ್ತು ನಿಮಿಷದಲ್ಲಿ ಎಂತಹ ದೊಡ್ಡ ಲೇಖಕರಿಗೂ ಕೈ ಆಡಿಸಲು ಏನಾದರೂ ಬೇಕು, ಮಾತನಾಡಲು ಯಾರಾದರೂ ಬೇಕು, ಮತ್ತು ಆ ಹೊತ್ತಿನಲ್ಲಿ ಕೋಣೆಯಲ್ಲಿ ಅವರಿಂದ ಏನನ್ನೂ ಬಯಸದ ವ್ಯಕ್ತಿಯೆಂದರೆ ಪಟ್ಟಿ ಹಿಡಿದ ಗೋಫರ್ ಮಾತ್ರ. ನಾನು ಪುಸ್ತಕದ ಮಾತೆತ್ತುತ್ತಿರಲಿಲ್ಲ. ಬ್ಯಾಡ್ಜ್ ನೋಡಿ ಅವರೇ ಕೇಳುತ್ತಿದ್ದರು. ಯಾವ ದಿನದ ಯಾವ ಪಾಳಿಯಲ್ಲಿ ಸಂಪಾದಕರು ಹೆಚ್ಚು ಬರುತ್ತಾರೆಂಬುದನ್ನು ಕಾರ್ಯಕ್ರಮ ಪಟ್ಟಿಯಿಂದ ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ಆ ಲೆಕ್ಕವನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಮುಂದೆಯೂ ನನಗೆ ಬೇಕಾಗುತ್ತದೆ. ಬ್ರಿಟನ್ನಿನ ಸಮ್ಮೇಳನಗಳಲ್ಲಿ ಸ್ವಯಂಸೇವಕರಿಗೆ ಗ್ರೋಟ್ ಎಂಬ ಚೀಟಿ ಹಣ ಸಿಗುತ್ತದೆ. ಮಧ್ಯಾಹ್ನದ ಊಟದ ಒಂದು ಪಾಲು ಅದರಲ್ಲಿಯೇ ಕಳೆಯಿತು.

ಕೇಳಿದವರಿಗೆ ಏನು ಹೇಳಬೇಕೆಂಬುದು ಇನ್ನೊಂದು ಪಾಠ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರಿನ ಸತ್ತವರು ಪ್ರತಿ ಮಳೆಗಾಲ ತಾಲ್ಲೂಕು ಕಚೇರಿಗೆ ಬಂದು ತಮ್ಮ ಪಹಣಿ ಕೇಳುತ್ತಾರೆ ಎಂಬುದು ನನ್ನ ಕಾದಂಬರಿಯ ಎಳೆ. ವಸಂತದಲ್ಲಿ ಮೇಜಿನ ಹಿಂದೆ ಕುಳಿತು ಶರಾವತಿ, ಮಲೆನಾಡು, ಭೂಸುಧಾರಣೆ ಎಂದು ವಿವರಿಸುತ್ತಿದ್ದಾಗ ಕೇಳುವವರ ಕಣ್ಣು ಮೂರನೆಯ ವಾಕ್ಯಕ್ಕೇ ಮಂಜಾಗುತ್ತಿತ್ತು. ಗ್ಲಾಸ್ಗೋದಲ್ಲಿ ನಾನು ಮೊದಲು ಕಾಪೆಲ್ ಕೆಲಿನ್ ಹೆಸರೆತ್ತುತ್ತಿದ್ದೆ. ಲಿವರ್‌ಪೂಲ್ ನಗರಕ್ಕೆ ನೀರು ಕೊಡಲೆಂದು 1965ರಲ್ಲಿ ಮುಳುಗಿಸಿದ ಆ ವೇಲ್ಸ್ ಹಳ್ಳಿಯ ಕಥೆ ಇಲ್ಲಿನ ಓದುಗರಲ್ಲಿ ಹೆಚ್ಚಿನವರಿಗೆ ಗೊತ್ತು. ನಮ್ಮ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು ಅದರ ಹಿಂದಿನ ವರ್ಷ, 1964ರಲ್ಲಿ. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು, ಸತ್ತವರು ದಾಖಲೆ ಕೇಳಲು ಬರುತ್ತಾರೆ ಎಂದಷ್ಟೇ ಹೇಳಿ ನಿಲ್ಲಿಸಿದರೆ, ಉಳಿದದ್ದನ್ನು ಅವರೇ ಕೇಳುತ್ತಿದ್ದರು. ಅದೇ ಕಾರಣಕ್ಕೆ ಪರಿಚಯವಾದ ವೇಲ್ಸ್‌ನ ಓದುಗರೊಬ್ಬರು ಮರುದಿನ ನಾಲ್ಕು ಜನರನ್ನು ಕರೆತಂದು ನನ್ನ ವಾಚನಕ್ಕೆ ಕೂರಿಸಿದರು. ಒಟ್ಟು ಇಪ್ಪತ್ತರಷ್ಟು ಜನ ಸೇರಿದ್ದರು. ಹೊಸಬರ ವಾಚನಕ್ಕೆ ಐದಾರು ಜನ ಬಂದರೆ ಪುಣ್ಯ ಎನ್ನುವ ಕಡೆ ಇದು ಸಣ್ಣ ಸಂಖ್ಯೆಯಲ್ಲ.

ಇದರ ಜೊತೆಗೆ ನಡೆಸಿದ ಒಂದು ಪ್ರಯೋಗವೂ ಫಲ ಕೊಟ್ಟಿತು. ಬ್ಯಾಡ್ಜಿನ ಕೆಳಗೆ ಒಂದರ ಕೆಳಗೊಂದು ಅಂಟಿಸಿಕೊಂಡು ಮೊಣಕಾಲಿನವರೆಗೂ ಇಳಿಬಿಡುವ ರಿಬ್ಬನ್‌ಗಳ ಹುಚ್ಚು ಈ ಸಮ್ಮೇಳನಗಳಲ್ಲಿ ಬಹಳ ಜನಕ್ಕಿದೆ. ಮುನ್ನೂರರಷ್ಟು ರಿಬ್ಬನ್‌ಗಳಲ್ಲಿ ಅರ್ಧಕ್ಕೆ ಕಾದಂಬರಿಯ ಹೆಸರನ್ನೂ ಇನ್ನರ್ಧಕ್ಕೆ ಕನ್ನಡ ಲಿಪಿಯಲ್ಲಿ ‘ನನ್ನ ಪಹಣಿ ಕೊಡಿ’ ಎಂಬ ಸಾಲನ್ನೂ ಅಚ್ಚು ಹಾಕಿಸಿದ್ದೆ. ಹೆಸರಿನ ರಿಬ್ಬನ್‌ಗಳು ಒಂದು ಕಟ್ಟು ಹಾಗೆಯೇ ವಾಪಸು ಬಂದವು. ಕನ್ನಡದವು ಎರಡನೆಯ ದಿನವೇ ಮುಗಿದವು, ಏಕೆಂದರೆ ತೊಟ್ಟುಕೊಂಡವರನ್ನು ಕಂಡಕಂಡವರೆಲ್ಲ ಅರ್ಥ ಕೇಳುತ್ತಿದ್ದರು, ಉತ್ತರಕ್ಕಾಗಿ ಅವರು ನನ್ನನ್ನು ಹುಡುಕಿಸುತ್ತಿದ್ದರು. ನೆದರ್ಲೆಂಡಿನಿಂದ ಬಂದಿದ್ದ ಶಿವಮೊಗ್ಗ ಮೂಲದ ದಂಪತಿಯಂತೂ ಅದನ್ನು ನೋಡಿ ಬಿದ್ದು ಬಿದ್ದು ನಕ್ಕು, ಎರಡು ಪ್ರತಿ ಕೊಂಡು, ಒಂದನ್ನು ಸರ್ವೆ ಇಲಾಖೆಯಲ್ಲಿ ನಿವೃತ್ತರಾದ ಮಾವನವರಿಗೆ ಕಳಿಸುತ್ತೇವೆಂದರು.

ಪುಸ್ತಕ ಮಾರುವ ಕೆಲಸವನ್ನು ಅದನ್ನೇ ಕಸುಬಾಗಿ ಮಾಡುವವರಿಗೆ ಬಿಟ್ಟೆ. ಸಣ್ಣ ಪ್ರಕಾಶನಗಳ ಪುಸ್ತಕ ಇಡುವ ಒಬ್ಬ ವ್ಯಾಪಾರಿಯ ಮೇಜಿನಲ್ಲಿ ಶೇಕಡಾ 35ರ ಕಮಿಷನ್ ಮೇಲೆ ಪ್ರತಿಗಳನ್ನಿಟ್ಟು, ಮೊದಲ ಅಧ್ಯಾಯದ ಹದಿನಾರು ಪುಟದ ಕಿರುಪುಸ್ತಿಕೆಯನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡೆ. ಮುಖಪುಟದಲ್ಲಿ ಹಿರೇಭಾಸ್ಕರ ಅಣೆಕಟ್ಟಿನ ಚಿತ್ರವಿತ್ತು. ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಾತ್ರ ಮೇಲೇಳುವ ಆ ಹಳೆಯ ಅಣೆಕಟ್ಟನ್ನು ಬಹಳ ಜನ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ಚಿತ್ರವೆಂದೇ ಭಾವಿಸಿದ್ದರು. ಕೇಳದವರಿಗೆ ಪುಸ್ತಿಕೆ ಕೊಡುತ್ತಿರಲಿಲ್ಲ. ಕೊಡುವಾಗ ಒಂದು ಮಾತು ಹೇಳುತ್ತಿದ್ದೆ. ಅದು ನನ್ನಲ್ಲಿಯೇ ಇರಲಿ.

ಐದು ದಿನಕ್ಕೆ ಅರವತ್ತು ಅರವತ್ತೈದು ಪ್ರತಿ ಹೋದವು. ಹನ್ನೊಂದು ಪೌಂಡಿನ ಪುಸ್ತಕದಲ್ಲಿ ಕಮಿಷನ್ ಕಳೆದು, ಕೊಂಡ ಬೆಲೆ ಕಳೆದರೆ ನನಗೆ ಉಳಿಯುವುದು ಪ್ರತಿಗೆ ಒಂದೂವರೆ ಪೌಂಡಿಗಿಂತ ತುಸು ಹೆಚ್ಚು. ಒಟ್ಟು ಸಿಕ್ಕಿದ್ದು ನೂರು ಪೌಂಡಿನ ಆಸುಪಾಸು ಅಷ್ಟೇ. ಸಮ್ಮೇಳನದಲ್ಲಿ ಹಣ ಉಳಿದರೆ ದುಡಿದವರಿಗೆ ಸದಸ್ಯತ್ವ ಶುಲ್ಕ ಮರಳಿಸುವ ವಾಡಿಕೆಯಿದೆಯಾದರೂ ಅದನ್ನು ನಂಬಿ ಬಜೆಟ್ ಹಾಕಬಾರದು. ದಿನಕ್ಕೆ ಆರು ಗಂಟೆ ನಿದ್ದೆ, ಎರಡು ಊಟ, ಒಂದು ಸ್ನಾನ ಎಂಬ ಹಳಬರ ಸೂತ್ರವನ್ನು ಪಾಲಿಸಿಯೂ ಊರಿಗೆ ಬಂದ ಮೇಲೆ ವಾರವಿಡೀ ಕೆಮ್ಮಿದೆ. ಆದರೆ ಗ್ರೀನ್ ರೂಮಿನಲ್ಲಿ ಪರಿಚಯವಾದ ಸಂಪಾದಕರೊಬ್ಬರು ಚಳಿಗಾಲದಲ್ಲಿ ಸಣ್ಣ ಕಥೆಯೊಂದನ್ನು ಕೇಳಿ ತೆಗೆದುಕೊಂಡರು, ಅದಕ್ಕೆ ಬಂದ ಸಂಭಾವನೆ ನನ್ನ ರೈಲು ಮತ್ತು ಕೋಣೆಯ ಖರ್ಚನ್ನು ಹೆಚ್ಚುಕಡಿಮೆ ತುಂಬಿತು. 2025ರ ಏಪ್ರಿಲಿನಲ್ಲಿ ಬೆಲ್‌ಫಾಸ್ಟ್‌ನಲ್ಲಿ ನಡೆದ ಈಸ್ಟರ್‌ಕಾನ್ ಎಂಬ ಬ್ರಿಟನ್ನಿನ ವಾರ್ಷಿಕ ವಿಜ್ಞಾನಕಥೆ ಸಮ್ಮೇಳನದಲ್ಲಿ ಮುಳುಗಡೆಯ ಕಥೆಗಳ ಬಗೆಗಿನ ಗೋಷ್ಠಿಯಲ್ಲಿಯೂ ಕುಳಿತೆ. ಅಲ್ಲಿಗೆ ಹೆಸರಿನ ರಿಬ್ಬನ್ ಒಂದನ್ನೂ ಒಯ್ಯದೆ ಕನ್ನಡದವನ್ನೇ ಒಯ್ದಿದ್ದೆ, ಬೆಳಗಿನ ಪಾಳಿಯಲ್ಲಿ ಎಂದಿನಂತೆ ಗ್ರೀನ್ ರೂಮಿನ ಪಟ್ಟಿ ಹಿಡಿದಿದ್ದೆ.